ಗಲ್ಫ್ ಸೆರೆಯಲ್ಲಿರುವ ಮನೆಯವರಿಗಾಗಿ ವಿದೇಶಾಂಗ ಸಚಿವಾಲಯಕ್ಕೆ ಮನವಿ ಬರೆಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಗಲ್ಫಿನ ನಂಟಿಲ್ಲದ ಕುಟುಂಬ ಅಪರೂಪ. ಅಲ್ಲಿ ದುಡಿಯುವ ಮಗನೋ ಅಳಿಯನೋ ಪೊಲೀಸರ ವಶದಲ್ಲಿದ್ದಾನೆಂಬ ಸುದ್ದಿ ಬಂದಾಗ ಮನೆಯವರು ಬರೆಯುವ ಮನವಿಯು ಸಾಮಾನ್ಯವಾಗಿ ಬಡತನ, ತಾಯಿಯ ಕಾಯಿಲೆ, ಅವನ ಒಳ್ಳೆಯ ನಡತೆ ಇವುಗಳ ವಿವರಣೆಯಲ್ಲೇ ಒಂದೂವರೆ ಪುಟ ಮುಗಿಸಿ, ಕೊನೆಯ ಸಾಲಿನಲ್ಲಿ ಹೇಗಾದರೂ ಬಿಡಿಸಿಕೊಡಬೇಕೆಂದು ಕೇಳುತ್ತದೆ. ದುಃಖ ನಿಜವೇ. ಆದರೆ ಹಾಗೆ ಕೇಳಿದ್ದನ್ನು ನಡೆಸಿಕೊಡುವ ಅಧಿಕಾರ ದೆಹಲಿಯ ಯಾವ ಅಧಿಕಾರಿಗೂ ಇಲ್ಲ.

ಕೊಲ್ಲಿಯ ಆರು ದೇಶಗಳಲ್ಲೂ ರಾಜಮನೆತನಗಳದೇ ಆಳ್ವಿಕೆ. ಅವುಗಳೊಂದಿಗೆ ಭಾರತಕ್ಕೆ ತೈಲ, ಅನಿಲ, ವ್ಯಾಪಾರ, ರಕ್ಷಣೆಗಳ ಗಾಢ ಸಂಬಂಧವಿದೆ. ಸುಮಾರು 90 ಲಕ್ಷ ಭಾರತೀಯರು ಅಲ್ಲಿ ನೆಲೆಸಿದ್ದಾರೆ. ಆದ್ದರಿಂದ ಅಲ್ಲಿನ ನ್ಯಾಯವ್ಯವಸ್ಥೆಯ ಲೋಪಗಳನ್ನು ನಮ್ಮ ಸರ್ಕಾರ ಬಹಿರಂಗವಾಗಿ ಟೀಕಿಸುವುದಿಲ್ಲ. ಸೌದಿ ಅರೇಬಿಯಾ, ಯುಎಇ ಮತ್ತು ಒಮಾನ್ ದೇಶಗಳು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿಲ್ಲ. ವಲಸೆ ಕಾರ್ಮಿಕರ ಹಕ್ಕುಗಳ ಕುರಿತ 1990ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಆರರಲ್ಲಿ ಒಂದೂ ಸೇರಿಲ್ಲ. ಭಾರತವೂ ಸೇರಿಲ್ಲವೆಂಬುದನ್ನು ಇಲ್ಲಿ ಹೇಳದೆ ಬಿಡಬಾರದು. ಹೀಗಿರುವಾಗ ಮಾನವ ಹಕ್ಕುಗಳ ಉಲ್ಲಂಘನೆ ಎಂದು ಎಷ್ಟು ಸಲ ಬರೆದರೂ ಅಧಿಕಾರಿಗೆ ಹಿಡಿದು ಮಾತನಾಡಲು ಏನೂ ಸಿಗುವುದಿಲ್ಲ. ಮಿತ್ರರಾಷ್ಟ್ರ ತಾನೇ ಒಪ್ಪಿಕೊಂಡ ಮಾತನ್ನು ಅದಕ್ಕೆ ನೆನಪಿಸುವುದಾದರೆ ಸ್ನೇಹ ಕೆಡುವ ಅಂಜಿಕೆಯಿಲ್ಲ. ಮನವಿಯನ್ನು ಆ ಮಾತಿನ ಮೇಲೆಯೇ ಕಟ್ಟಬೇಕು.

ಅಂಥ ಮಾತು 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೆಯ ವಿಧಿಯಲ್ಲಿದೆ. ಭಾರತವೂ ಆ ಆರೂ ದೇಶಗಳೂ ಅದಕ್ಕೆ ಬದ್ಧವಾಗಿವೆ. ಬಂಧಿತ ವಿದೇಶಿಯನಿಗೆ ಅವನ ಹಕ್ಕನ್ನು ತಿಳಿಸಬೇಕು, ಅವನು ಕೇಳಿದರೆ ಅವನ ದೇಶದ ದೂತಾವಾಸಕ್ಕೆ ತಡಮಾಡದೆ ಸುದ್ದಿ ಮುಟ್ಟಿಸಬೇಕು, ದೂತಾವಾಸದ ಅಧಿಕಾರಿಗೆ ಅವನನ್ನು ಕಂಡು ಮಾತನಾಡಲು ಮತ್ತು ವಕೀಲರನ್ನು ಗೊತ್ತುಮಾಡಲು ಅವಕಾಶವಿರಬೇಕು ಎಂಬುದು ಅದರ ಸಾರ. ‘ಅವನು ಕೇಳಿದರೆ’ ಎಂಬ ಮಾತನ್ನು ಮನೆಯವರು ಮರೆಯಬಾರದು. ಬಂಧಿತನಿಂದ ಒಂದು ನಿಮಿಷದ ಫೋನ್ ಕರೆ ಬಂದರೂ, ಅಳುವುದಕ್ಕೆ ಮುಂಚೆ, ಭಾರತೀಯ ದೂತಾವಾಸದವರನ್ನು ಕಾಣಬೇಕೆಂದು ಅಲ್ಲಿನ ಅಧಿಕಾರಿಗಳಿಗೆ ಸಾಧ್ಯವಾದರೆ ಬರವಣಿಗೆಯಲ್ಲೇ ತಿಳಿಸುವಂತೆ ಅವನಿಗೆ ಹೇಳಬೇಕು.

ಮನವಿಯ ಮೊದಲ ಪ್ಯಾರಾದಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಇಖಾಮಾ ಅಥವಾ ಆ ದೇಶದ ಗುರುತುಚೀಟಿಯ ಸಂಖ್ಯೆ, ಕಫೀಲ್‌ನ (ವೀಸಾಕ್ಕೆ ಹೊಣೆಯಾದ ಅಲ್ಲಿನ ಪ್ರಾಯೋಜಕನ) ಹೆಸರು, ಬಂಧನದ ದಿನ, ಕೊನೆಯ ಬಾರಿ ಮಾತನಾಡಿದ ದಿನ ಇಷ್ಟು ಇರಲಿ. ಕಫೀಲ್ ‘ಹುರೂಬ್’ ದೂರು, ಅಂದರೆ ಕೆಲಸ ಬಿಟ್ಟು ಓಡಿಹೋದನೆಂಬ ದೂರು ಕೊಟ್ಟಿದ್ದರೆ ಅದನ್ನು ಮುಚ್ಚಿಡಬಾರದು. ಸಂಬಳ ಬಾಕಿಯಿರುವಾಗ ಕೊಟ್ಟ ದೂರಾಗಿದ್ದರೆ ಆ ಬಾಕಿಯ ಲೆಕ್ಕವನ್ನೂ ಬರೆಯಬೇಕು. ಎರಡನೆಯ ಪ್ಯಾರಾದಲ್ಲಿ, 36ನೆಯ ವಿಧಿಯಂತೆ ದೂತಾವಾಸಕ್ಕೆ ಯಾವ ದಿನ ಸುದ್ದಿ ಬಂತು, ಅಧಿಕಾರಿ ಯಾವ ದಿನ ಭೇಟಿಯಾದರು, ವಕೀಲರು ಯಾರು ಎಂಬ ಮೂರು ಪ್ರಶ್ನೆಗಳು ಸಾಕು. ಉತ್ತರದಲ್ಲಿ ಒಂದು ದಿನಾಂಕವಾದರೂ ಬರಲೇಬೇಕಾದ ಪ್ರಶ್ನೆಗಳು ಇವು. ಪಾಕಿಸ್ತಾನದ ಸೆರೆಯಲ್ಲಿರುವ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತವೇ ಪಾಕಿಸ್ತಾನದ ವಿರುದ್ಧ ಈ ವಿಧಿಯನ್ನು ಹಿಡಿದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, ಗೂಢಚಾರಿಕೆಯ ಆರೋಪವಿದ್ದರೂ ಈ ಹಕ್ಕು ತಪ್ಪುವುದಿಲ್ಲವೆಂಬ ತೀರ್ಪನ್ನು 2019ರ ಜುಲೈಯಲ್ಲಿ ಪಡೆಯಿತು. ಎದುರಾಳಿಯ ಮುಂದೆ ಎತ್ತಿದ ವಾದವನ್ನು ಮಿತ್ರನ ಮುಂದೆ ಮೆಲುದನಿಯಲ್ಲಾದರೂ ಎತ್ತಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಈ ತೀರ್ಪನ್ನು ಒಂದು ಸಾಲಿನಲ್ಲಿ ಸೂಚಿಸಬೇಕು.

ಮೆಲುದನಿಯಿಂದಲೂ ಕೆಲಸವಾಗುವುದುಂಟು. ಕತಾರ್ 2022ರ ಆಗಸ್ಟಿನಲ್ಲಿ ಬಂಧಿಸಿದ ನಮ್ಮ ನೌಕಾಪಡೆಯ ಎಂಟು ಮಂದಿ ನಿವೃತ್ತರಿಗೆ 2023ರ ಅಕ್ಟೋಬರಿನಲ್ಲಿ ಮರಣದಂಡನೆ ವಿಧಿಸಲಾಯಿತು. ಮೇಲ್ಮನವಿಯ ಬಳಿಕ ಡಿಸೆಂಬರಿನಲ್ಲಿ ಶಿಕ್ಷೆ ಇಳಿಯಿತು, 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಅವರ ಬೆನ್ನಿಗೆ ಇಡೀ ದೇಶದ ಗಮನವಿತ್ತು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಬದಿಯಡ್ಕದ ಹುಡುಗನಿಗೆ ಅದಿರುವುದಿಲ್ಲ, ಆದ್ದರಿಂದ ಅವನ ಕಾಗದಪತ್ರ ಇನ್ನಷ್ಟು ಗಟ್ಟಿಯಾಗಿರಬೇಕು.

ಶಿಕ್ಷೆ ಈಗಾಗಲೇ ಆಗಿದ್ದರೆ ಕೇಳಬೇಕಾದದ್ದು ಬೇರೆ. ಸೌದಿ, ಯುಎಇ, ಕುವೈತ್, ಕತಾರ್ ಮುಂತಾದ ದೇಶಗಳೊಂದಿಗೆ ಭಾರತ ಕೈದಿಗಳ ವರ್ಗಾವಣೆಯ ಒಪ್ಪಂದ ಮಾಡಿಕೊಂಡಿದೆ. ತೀರ್ಪು ಅಂತಿಮವಾಗಿದ್ದು, ಕೈದಿಯೂ ಎರಡೂ ಸರ್ಕಾರಗಳೂ ಒಪ್ಪಿದರೆ ಉಳಿದ ಶಿಕ್ಷೆಯನ್ನು ಇಲ್ಲಿ ಅನುಭವಿಸಬಹುದು. ಈ ಕೆಲಸ ಗೃಹ ಸಚಿವಾಲಯದ್ದು. ಅದಕ್ಕೂ ಪ್ರತಿ ಕಳುಹಿಸಬೇಕು.

ಮೊದಲು ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಮುಂದಿನ ಪ್ರತಿ ಪತ್ರದಲ್ಲೂ ಬರೆಯಬೇಕು. ಹತ್ತಿರದ ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳದ ಆನ್‌ಲೈನ್ ಸೇವಾ ಕೇಂದ್ರದಲ್ಲಿ, ಇದನ್ನು ಮಾಡಿಸಬಹುದು. ಒಂದು ಪ್ರತಿ ಅನಿವಾಸಿ ಕೇರಳೀಯರಿಗಾಗಿರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್‌ಗೆ ಹೋಗಲಿ. ಸಂವಿಧಾನದ 350ನೆಯ ವಿಧಿಯಂತೆ ಕೇಂದ್ರದ ಯಾವ ಅಧಿಕಾರಿಗಾದರೂ ಕನ್ನಡದಲ್ಲೇ ಮನವಿ ಕೊಡಬಹುದು. ಆದರೂ ಇಂಗ್ಲಿಷ್ ಅನುವಾದವನ್ನು ಲಗತ್ತಿಸುವುದು ಒಳ್ಳೆಯದು, ಹಕ್ಕನ್ನು ಸಾಧಿಸುವ ಹಟದಲ್ಲಿ ಹದಿನೈದು ದಿನ ಕಳೆದುಕೊಳ್ಳುವುದು ಬೇಡ.

ಉತ್ತರ ಬಾರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳಲ್ಲಿ ಕೊಡಬೇಕೆಂದು ಆ ಕಾಯಿದೆಯ 7(1)ನೆಯ ಕಲಂ ಹೇಳುತ್ತದೆ. ಅದನ್ನು ಅರ್ಜಿಯ ತಲೆಯಲ್ಲೇ ನಮೂದಿಸಬೇಕು. ಆ ದೇಶದೊಂದಿಗೆ ನಡೆದ ಮಾತುಕತೆಯ ವಿವರ ಕೇಳಿದರೆ, ವಿದೇಶಿ ಸಂಬಂಧಕ್ಕೆ ಧಕ್ಕೆಯೆಂದು 8(1)(ಎ) ಅಡಿ ನಿರಾಕರಿಸಬಹುದು. ಆದ್ದರಿಂದ ನಮ್ಮ ಮನವಿ ಯಾವ ದಿನ ಯಾವ ಕಚೇರಿಗೆ ಹೋಯಿತು ಎಂಬುದನ್ನಷ್ಟೇ ಕೇಳಬೇಕು.

ಸಂಸದರಿಂದ ಸಚಿವರಿಗೆ ಪತ್ರ ಬರೆಸುವುದು ಒಬ್ಬ ವ್ಯಕ್ತಿಯ ವಿಷಯಕ್ಕೆ ಸರಿಯಾದ ದಾರಿ. ಲೋಕಸಭೆಯ ಪ್ರಶ್ನೆ ಹಲವರ ಸಮಸ್ಯೆಗೆ ಹೊಂದುತ್ತದೆ. ಮನವಿಯನ್ನು ನಿರ್ದಿಷ್ಟ ಅವಧಿಯಲ್ಲಿ ಪರಿಶೀಲಿಸಲು ಸಚಿವಾಲಯಕ್ಕೆ ಆದೇಶಿಸಬೇಕೆಂದು ಸಂವಿಧಾನದ 226ನೆಯ ವಿಧಿಯಡಿ ಎರ್ನಾಕುಳದಲ್ಲಿರುವ ಕೇರಳ ಹೈಕೋರ್ಟಿನಲ್ಲಿಯೂ ಕೇಳಬಹುದು. ವಿಶ್ವಸಂಸ್ಥೆಯ ನಿರಂಕುಶ ಬಂಧನ ಕುರಿತ ಕಾರ್ಯತಂಡವು ಮೇಲೆ ಹೇಳಿದ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಸೇರದ ದೇಶಗಳ ವಿರುದ್ಧವೂ ದೂರು ಸ್ವೀಕರಿಸುತ್ತದೆ. ಆದರೆ ಅದನ್ನೂ ಪತ್ರಿಕಾಗೋಷ್ಠಿಯನ್ನೂ ನಾನು ಕೊನೆಗೇ ಇಡುತ್ತೇನೆ. ಒಳಗಿರುವವನು ಅದರ ಫಲವನ್ನು ಮೊದಲು ಉಣ್ಣುವವನಾದ್ದರಿಂದ, ಅವನನ್ನೂ ಅವನ ವಕೀಲರನ್ನೂ ಕೇಳದೆ ಆ ಹೆಜ್ಜೆ ಇಡಬಾರದು.