ಬುಡಾಪೆಸ್ಟಿನಲ್ಲಿ ಕೊನೆಗೂ ಅಲುಗಿದ ತೋಡಿ ಗಾಂಧಾರ

ನನ್ನ ಎರಡು ಆರ್ಕೆಸ್ಟ್ರಾ ಕೃತಿಗಳ ರೆಕಾರ್ಡಿಂಗ್ ಮುಗಿಯಿತು. ನುಡಿಸಿದ್ದು ಬುಡಾಪೆಸ್ಟಿನ ಆರ್ಕೆಸ್ಟ್ರಾ, ನಾನು ಬೆಂಗಳೂರಿಂದಲೇ ಕೇಳುತ್ತಿದ್ದೆ. ಎರಡೂ ಸೇರಿ ಸುಮಾರು 14 ನಿಮಿಷ. "ಬುಡಾಪೆಸ್ಟಿನವರು ತೋಡಿ ರಾಗ ನುಡಿಸೋದಾ? ಸುಮ್ನೆ ದುಡ್ಡು ದಂಡ" ಅಂದವರೇ ಈಗ ಫೈಲ್ ಕಳಿಸು ಅಂತಿದ್ದಾರೆ.

ಮೊದಲ ಸೆಷನ್ ನಿಜವಾಗಿಯೂ ದಂಡವೇ. ಗಮಕವನ್ನೆಲ್ಲ, ಅಂದರೆ ಸ್ವರದ ಅಲುಗಾಟವನ್ನೆಲ್ಲ, ಚಿಕ್ಕ ಚಿಕ್ಕ ನೋಟ್‌ಗಳಾಗಿ ಬಿಡಿಸಿ ಬರೆದಿದ್ದೆ. ಅವರು ಒಂದೂ ತಪ್ಪಿಸದೆ ನುಡಿಸಿದರು, ಕೇಳಿದರೆ ಹೊಲಿಗೆ ಮೆಷಿನ್! ಜೊತೆಗೆ ಹಾರ್ನ್ ಊದುವವರು ಹಾಳೆಯಲ್ಲಿ ಓದುವ ಸ್ವರ ಒಂದು, ಕೇಳಿಸೋದು ಇನ್ನೊಂದು; ಅವರ ಪಾರ್ಟನ್ನು (ನುಡಿಸುವವರ ಹಾಳೆ) ಅದಕ್ಕೆ ತಕ್ಕಂತೆ ಎಫ್‌ಗೆ ಬದಲಿಸದೆ ಕಳಿಸಿದ್ದೆ. ಅದನ್ನು ಸರಿಮಾಡೋಕೆ ಕಾಲು ಗಂಟೆ, ಅಷ್ಟೂ ಹೊತ್ತು 40 ಜನ ಸುಮ್ಮನೆ ಕೂತಿದ್ದರು, ಗಂಟೆಗೆ ಹತ್ತಿರತ್ತಿರ ಒಂದೂವರೆ ಲಕ್ಷದ ಮೀಟರ್ ಮಾತ್ರ ಓಡುತ್ತಲೇ ಇತ್ತು. ಎರಡು ಗಂಟೆಯ ರೆಕಾರ್ಡಿಂಗಿನಲ್ಲಿ ಬಳಸೋಕೆ ಸಿಕ್ಕಿದ್ದು ನಾಲ್ಕು ನಿಮಿಷ.

ಎರಡನೇ ಸೆಷನ್ ಜುಲೈನಲ್ಲಿ, ಮೂರು ಗಂಟೆಗಳದ್ದು. ಅಲ್ಲಿ ಬೆಳಿಗ್ಗೆ 10, ಬೆಂಗಳೂರಲ್ಲಿ ಮಧ್ಯಾಹ್ನ ಒಂದೂವರೆ, ನಾನು ಊಟ ಬಿಟ್ಟು ಹೆಡ್‌ಫೋನ್ ಹಾಕಿ ಕೂತೆ. ಈ ಸಲ ಪಾರ್ಟಿನಲ್ಲಿ ಒಂದೇ ಉದ್ದನೆಯ ನೋಟ್, ಅದರ ಮೇಲೊಂದು ಅಲೆಯ ಗೆರೆ, ಅಷ್ಟೇ. ಪ್ರತಿ ಟೇಕಿಗೂ ಮುಂಚೆ ನಾನೇ ಹಾಡಿದ ಸಾಲನ್ನು ಅವರ ಹೆಡ್‌ಫೋನಿಗೆ ಎರಡು ಸಲ ಬಿಟ್ಟೆ. ಕಂಡಕ್ಟರಿಗೆ ಇಷ್ಟವಾಗಲಿಲ್ಲ. ಸೆಷನ್ ಅಂದರೆ ನೋಡಿ ನುಡಿಸೋದು, ಕೇಳಿ ಕಲಿಯೋಕೆ ಟೈಮೆಲ್ಲಿ ಅಂದರು. ಮೂರನೇ ಟೇಕಿನಲ್ಲಿ ವಯೋಲಾದವರು (ವಯಲಿನ್‌ಗಿಂತ ಸ್ವಲ್ಪ ದೊಡ್ಡ ವಾದ್ಯ) ಹಿಡಿದುಬಿಟ್ಟರು, ತೋಡಿಯ ಗಾಂಧಾರ (ಗ) ರಿಷಭಕ್ಕೂ (ರಿ) ಮಧ್ಯಮಕ್ಕೂ (ಮ) ನಡುವೆ ತೂಗಿತು. ಕಂಡಕ್ಟರ್ ಕೋಲು ಇಳಿಸಿ ನಕ್ಕರು.

ಎಲ್ಲರೂ ಒಟ್ಟಿಗೆ ಅಲುಗಾಡಿಸಿದರೆ ದೋಣಿಯಲ್ಲಿ ಕೂತ ಹಾಗಾಗುತ್ತದೆ. ಕೆಲವರು ಸ್ವರವನ್ನು ಅಲುಗಿಸದೆ ನೇರ ಹಿಡಿಯಬೇಕು. ಎಷ್ಟು ಜನ, ಯಾವ ಸಾಲಿನವರು ಅಂತ ಮಾತ್ರ ಹೇಳಲ್ಲ, ಅದನ್ನು ಕಲಿಯೋಕೆ ನಾನು ಮೂರು ಲಕ್ಷ ಕೊಟ್ಟಿದ್ದೇನೆ.

ಸೆಷನ್ ಮುಗಿಯೋಕೆ ಉಳಿದಿದ್ದ ಹತ್ತು ನಿಮಿಷದಲ್ಲಿ ಅದೇ ಸಾಲನ್ನು ಟ್ರಾಂಬೋನಿಗೆ ಕೊಟ್ಟು ನೋಡಿದೆ. ಆ ಊದುವಾದ್ಯಕ್ಕೆ ಸ್ಲೈಡ್ (ಜಾರುವ ಕೊಳವೆ) ಇದೆ, ಸುಲಭ ಅಲ್ವಾ ಅಂತ. ಆನೆ ಆಕಳಿಸಿದ ಹಾಗೆ ಬಂತು. ದನಿ ತಗ್ಗಿಸುವ ಮ್ಯೂಟ್ ಹಾಕಿ ಚೆಲ್ಲೋಗಳ ಕೆಳಗೆ ಬಚ್ಚಿಟ್ಟರೆ ಚೆನ್ನಾಗಿದೆ, ಇಟ್ಟುಕೊಂಡಿದ್ದೇನೆ.

ಗಮಕದ ಜಾಗಗಳಲ್ಲಿ ಕ್ಲಿಕ್ (ಲಯಕ್ಕೆ ಹೆಡ್‌ಫೋನಿನಲ್ಲಿ ಬರುವ ಟಿಕ್ ಟಿಕ್) ತೆಗೆಸಿದ್ದೆ. ಹಾಗಾಗಿ ಟೇಕುಗಳು ಒಂದಕ್ಕೊಂದು ಕೂರದೆ ಎಡಿಟಿಗೇ ಒಂಬತ್ತು ದಿನ ಹೋಯಿತು. ಮಿಕ್ಸಿನಲ್ಲಿ ಮುಕ್ಕಾಲು ಪಾಲು ಡೆಕ್ಕಾ ಟ್ರೀಯ (ಕಂಡಕ್ಟರ್ ತಲೆಯ ಮೇಲೆ ನಿಲ್ಲಿಸುವ ಮೈಕ್ ಸ್ಟ್ಯಾಂಡ್) ಮೂರು ಮೈಕುಗಳೇ. ವಯೋಲಾದ ಹತ್ತಿರವೇ ಇಟ್ಟ ಸ್ಪಾಟ್ ಮೈಕ್ ಒಂಚೂರು ಜಾಸ್ತಿ ಮಾಡಿದೆ. ಒಟ್ಟು ಖರ್ಚು ಎಂಟೂವರೆ ಲಕ್ಷದ ಆಸುಪಾಸು, ಮನೆಯಲ್ಲಿ ಆರು ಅಂದಿದ್ದೇನೆ.