ಥ್ರಿಲ್ಲರ್ ಚಿತ್ರದ ಮೊದಲ ಮೂರು ನಿಮಿಷಗಳನ್ನು ಕಟ್ಟುವ ಬಗೆ

ಥ್ರಿಲ್ಲರ್ ಚಿತ್ರದ ಆರಂಭವನ್ನು ಬರೆಯಲು ಕುಳಿತವರು ಕ್ಯಾಮೆರಾ, ಬೆಳಕು, ಸಂಗೀತಗಳ ಯೋಚನೆಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ಎರಡು ಪಟ್ಟಿಗಳನ್ನು ಮಾಡಿಕೊಳ್ಳಬೇಕು: ಈ ಕ್ಷಣದಲ್ಲಿ ಪ್ರೇಕ್ಷಕರಿಗೆ ಏನು ಗೊತ್ತು, ಪಾತ್ರಗಳಿಗೆ ಏನು ಗೊತ್ತು. ಎರಡು ಪಟ್ಟಿಗಳೂ ಒಂದೇ ಆಗಿದ್ದರೆ ಆತಂಕ ಹುಟ್ಟುವುದು ಕಷ್ಟ. ಥ್ರಿಲ್ಲರ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಅವರು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಜೊತೆಗಿನ ಸುದೀರ್ಘ ಸಂದರ್ಶನದಲ್ಲಿ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸಿದ್ದರು. ಸುಳಿವೇ ಕೊಡದೆ ಬಾಂಬನ್ನು ಸಿಡಿಸಿದರೆ ಪ್ರೇಕ್ಷಕರು 15 ಸೆಕೆಂಡು ಬೆಚ್ಚುತ್ತಾರೆ. ಬಾಂಬ್ ಇರುವುದನ್ನು ಮೊದಲೇ ತೋರಿಸಿ, ಮೇಜಿನ ಸುತ್ತ ಕುಳಿತವರನ್ನು ಲೋಕಾಭಿರಾಮವಾಗಿ ಹರಟಲು ಬಿಟ್ಟರೆ 15 ನಿಮಿಷ ತಳಮಳಿಸುತ್ತಾರೆ. ಆದ್ದರಿಂದ ಮಳೆ, ಕತ್ತಲು, ಮುಖ ಕಾಣದ ಕೊಲೆಗಾರ, ಒಂದು ಕಿರುಚಾಟ, ಕೂಡಲೇ ಟೈಟಲ್ ಎಂಬ ಸಿದ್ಧಮಾದರಿಯನ್ನು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಬೆಚ್ಚಿಸುತ್ತದೆ, ಆದರೆ ಕಾಯಿಸುವುದಿಲ್ಲ.

ಕಾಯಿಸುವುದನ್ನು ಕಲಿಯಲು ಆರ್ಸನ್ ವೆಲ್ಸ್ ನಿರ್ದೇಶಿಸಿದ ‘ಟಚ್ ಆಫ್ ಈವಿಲ್’ (1958) ಚಿತ್ರದ ಮೊದಲ ಶಾಟನ್ನು ಮತ್ತೆ ಮತ್ತೆ ನೋಡಬೇಕು. ಮೂರು ನಿಮಿಷಕ್ಕೂ ಮಿಕ್ಕಿದ ಈ ಶಾಟಿನಲ್ಲಿ ಒಂದೂ ಕಟ್ ಇಲ್ಲ, ಅಂದರೆ ದೃಶ್ಯ ಎಲ್ಲೂ ತುಂಡಾಗದೆ ಒಂದೇ ಸಮನೆ ಸಾಗುತ್ತದೆ. ಮೊದಲು ಕಾಣುವುದು ಬಾಂಬಿನ ಟೈಮರ್ ತಿರುಗಿಸುತ್ತಿರುವ ಕೈಗಳು. ಆ ಮನುಷ್ಯ ಓಡಿಹೋಗಿ ಒಂದು ಕಾರಿನ ಡಿಕ್ಕಿಯಲ್ಲಿ ಬಾಂಬಿಟ್ಟು ಮರೆಯಾಗುತ್ತಾನೆ. ಏನೂ ಅರಿಯದ ಗಂಡಸು, ಹೆಂಗಸು ಬಂದು ಅದೇ ಕಾರನ್ನು ಹತ್ತುತ್ತಾರೆ. ಕ್ರೇನ್ ಮೇಲಿನ ಕ್ಯಾಮೆರಾ ಕಟ್ಟಡದ ಮೇಲಿನಿಂದ ಹಾದು ಬೀದಿಗಿಳಿಯುತ್ತದೆ. ಅಲ್ಲಿ ನವದಂಪತಿಗಳಿಬ್ಬರು ಅದೇ ದಿಕ್ಕಿಗೆ ನಡೆದು ಹೋಗುತ್ತಿರುತ್ತಾರೆ. ಜನಸಂದಣಿಯಲ್ಲಿ ತಡೆಯುತ್ತ ಸಾಗುವ ಕಾರು ಒಮ್ಮೆ ಇವರ ಪಕ್ಕದಲ್ಲಿ, ಒಮ್ಮೆ ಇವರ ಹಿಂದೆ, ಕೊನೆಗೆ ಗಡಿಯ ತಪಾಸಣೆ ಠಾಣೆಯಲ್ಲಿ ಇವರ ಬಳಿಯೇ ಬಂದು ನಿಲ್ಲುತ್ತದೆ. ತಲೆಯೊಳಗೆ ಟಿಕ್ ಟಿಕ್ ಸದ್ದಾಗುತ್ತಿದೆ ಎಂದು ಕಾರಿನಲ್ಲಿದ್ದ ಹೆಂಗಸು ಹೇಳಿದರೂ ಯಾರೂ ಗಮನ ಕೊಡುವುದಿಲ್ಲ. ಕಾರು ಮುಂದೆ ಹೋಗುತ್ತದೆ, ದಂಪತಿಗಳು ಮುತ್ತಿಡುತ್ತಾರೆ, ಸ್ಫೋಟದ ಸದ್ದು ಕೇಳುತ್ತದೆ. ಮೊದಲ ಕಟ್ ಬರುವುದು ಆಗಲೇ.

ಇಲ್ಲಿ ಕಟ್ ಮಾಡದಿರುವುದು ಕೇವಲ ಕೌಶಲದ ಪ್ರದರ್ಶನವಲ್ಲ. ಪ್ರತಿಯೊಂದು ಕಟ್ಟಿನಲ್ಲೂ ಸಂಕಲನಕಾರ ಸಮಯವನ್ನು ಹಿಗ್ಗಿಸಬಲ್ಲ, ಕುಗ್ಗಿಸಬಲ್ಲ ಎಂಬುದು ಪ್ರೇಕ್ಷಕರಿಗೆ ಒಳಗೊಳಗೇ ಗೊತ್ತಿರುತ್ತದೆ. ಕಟ್ ಇಲ್ಲದಿದ್ದಾಗ ಬಾಂಬಿನ ಸಮಯ ಮತ್ತು ನೋಡುವವರ ಸಮಯ ಒಂದೇ ಆಗಿಬಿಡುತ್ತವೆ. ಗಡುವು ಸ್ಪಷ್ಟವಾಗಿರುವ ದೃಶ್ಯಕ್ಕೆ ಉದ್ದನೆಯ ಶಾಟ್ ಹೊಂದುವುದು ಈ ಕಾರಣಕ್ಕೆ. ಅಪಾಯ ಒಂದೆಡೆ, ಪಾತ್ರ ಇನ್ನೊಂದೆಡೆ ಇದ್ದರೆ ಮಾತ್ರ ಎರಡರ ನಡುವೆ ಕಟ್ ಮಾಡುತ್ತ ಹೋಗುವುದು ಮೇಲು.

ಶಬ್ದದ ವಿಷಯದಲ್ಲಿ ಈ ಚಿತ್ರದ ಇತಿಹಾಸವೇ ಒಂದು ಪಾಠ. ಯೂನಿವರ್ಸಲ್ ಸಂಸ್ಥೆ ಬಿಡುಗಡೆ ಮಾಡಿದ ಪ್ರತಿಯಲ್ಲಿ ಈ ಶಾಟಿನ ಮೇಲೆ ಟೈಟಲ್‌ಗಳೂ ಹೆನ್ರಿ ಮ್ಯಾನ್ಸಿನಿ ಅವರ ಸಂಗೀತವೂ ಇದ್ದವು. ವೆಲ್ಸ್ ಬಯಸಿದ್ದು ಬೇರೆ. ಅವರು ಸಂಸ್ಥೆಗೆ ಬರೆದಿದ್ದ 58 ಪುಟಗಳ ಟಿಪ್ಪಣಿಯನ್ನು ಆಧರಿಸಿ ಸಂಕಲನಕಾರ ವಾಲ್ಟರ್ ಮರ್ಚ್ 1998ರಲ್ಲಿ ಚಿತ್ರವನ್ನು ಮರುಸಂಕಲನ ಮಾಡಿದಾಗ ಟೈಟಲ್‌ಗಳು ಹೋದವು. ಬೀದಿಯ ಕ್ಲಬ್ಬುಗಳಿಂದ ತೇಲಿಬರುವ ಬೇರೆ ಬೇರೆ ಹಾಡುಗಳೂ ಕಾರಿನ ರೇಡಿಯೊದ ಸದ್ದೂ ಆ ಸಂಗೀತದ ಜಾಗಕ್ಕೆ ಬಂದವು. ರೇಡಿಯೊ ಜೋರಾದಾಗ ಬಾಂಬ್ ಹತ್ತಿರ ಬಂದಿದೆಯೆಂದು ತಿಳಿಯುತ್ತದೆ, ಕಾರು ಚೌಕಟ್ಟಿನಲ್ಲಿ ಇಲ್ಲದಿದ್ದರೂ. ಎರಡೂ ಪ್ರತಿಗಳನ್ನು ಒಂದರ ಬೆನ್ನಿಗೊಂದು ನೋಡಿದವರಿಗೆ ಹಿನ್ನೆಲೆ ಸಂಗೀತ ಎಷ್ಟು ಸುಲಭವಾಗಿ ಆತಂಕವನ್ನು ಮುಚ್ಚಿಹಾಕಬಲ್ಲದು ಎಂಬುದು ಮನದಟ್ಟಾಗುತ್ತದೆ.

ಇದನ್ನು ಮಾಡಲು ಕ್ರೇನ್ ಬೇಕೆಂದೇನೂ ಇಲ್ಲ. ಒಂದು ಮನೆಯಷ್ಟೇ ಇರುವ ಕಿರುಚಿತ್ರವನ್ನು ಊಹಿಸಿಕೊಳ್ಳಿ. ಮೊದಲ ಶಾಟಿನಲ್ಲಿ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಪೈಪು ಸಡಿಲಗೊಂಡಿರುವುದು ಹತ್ತಿರದಿಂದ ಕಾಣುತ್ತದೆ, ಬುಸ್ಸೆನ್ನುವ ಸದ್ದು ಕೇಳುತ್ತದೆ. ನೆಗಡಿಯಿಂದ ಮೂಗು ಕಟ್ಟಿರುವ ಹೆಂಗಸು ಸಂಜೆ ಮನೆಗೆ ಬರುತ್ತಾಳೆ, ಕರೆಂಟ್ ಇಲ್ಲ, ದೇವರ ದೀಪ ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಾಳೆ. ಪೊಟ್ಟಣ ಸಿಗುತ್ತದೆ, ಅಷ್ಟರಲ್ಲಿ ಫೋನ್ ಬರುತ್ತದೆ. ಕಡ್ಡಿ ತೆಗೆಯುತ್ತಾಳೆ, ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಈ ಅಡೆತಡೆಗಳು ದಿನನಿತ್ಯದವಾಗಿದ್ದಷ್ಟೂ ಒಳ್ಳೆಯದು, ಮತ್ತು ಮಾತಿನಲ್ಲಿ ಅಪಾಯದ ಪ್ರಸ್ತಾಪವೇ ಇರಬಾರದು. ಕ್ಯಾಮೆರಾ ಆಕೆಯ ಹಿಂದೆಯೇ ಕೋಣೆಯಿಂದ ಕೋಣೆಗೆ ಹೋಗಲಿ. ಅಡುಗೆಮನೆ ಸಮೀಪಿಸಿದಾಗ ಬುಸ್ಸೆನ್ನುವ ಸದ್ದು ಏರಲಿ, ದೂರವಾದಾಗ ಇಳಿಯಲಿ. ಚಿತ್ರೀಕರಣದಲ್ಲಿ ಸಿಲಿಂಡರ್ ಖಾಲಿಯದೇ ಆಗಿರಬೇಕು; ಆ ಸದ್ದನ್ನು ಅನಂತರ ಸೇರಿಸಬೇಕು.

ಅಪಾಯವನ್ನೇ ತೋರಿಸದೆ ಕೆಲಸ ಸಾಧಿಸುವ ಇನ್ನೊಂದು ದಾರಿಯಿದೆ. ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಜಾಸ್’ (1975) ಚಿತ್ರದ ಆರಂಭದಲ್ಲಿ ಶಾರ್ಕ್ ಕಾಣುವುದೇ ಇಲ್ಲ. ರಾತ್ರಿ ಈಜುತ್ತಿರುವ ಯುವತಿಯನ್ನು ನೀರಿನ ಅಡಿಯಿಂದ ನೋಡುವ ಕ್ಯಾಮೆರಾ, ಜಾನ್ ವಿಲಿಯಮ್ಸ್ ಅವರ ಎರಡು ಸ್ವರಗಳ ಪುನರಾವರ್ತನೆ, ದಡದಲ್ಲಿ ಕುಡಿದು ಮಲಗಿಬಿಟ್ಟ ಜೊತೆಗಾರ, ಇಷ್ಟೇ ಸಾಕಾಗಿವೆ. ಇಲ್ಲಿ ಸಂಗೀತ ಅಲಂಕಾರವಾಗಿ ಬಂದಿಲ್ಲ, ಕಾಣದ ಪ್ರಾಣಿಯ ಸ್ಥಾನದಲ್ಲೇ ನಿಂತಿದೆ. ಹಾಗೆ ಬಳಸುವುದಾದರೆ ಆ ರಾಗವನ್ನು ಅಪಾಯವಿಲ್ಲದ ಕಡೆ ಸುಮ್ಮನೆ ನುಡಿಸಬಾರದು.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ನೋಡಲೇಬೇಕಾದ ವಸ್ತು ಸ್ಪಷ್ಟವಾಗಿ ಕಾಣುವಂತಿರಲಿ, ಉಳಿದದ್ದನ್ನು ಕತ್ತಲಿಗೆ ಬಿಡಬಹುದು.

ಒರಟು ಸಂಕಲನ (ಶಾಟುಗಳನ್ನು ಮೊದಲ ಸಲ ಜೋಡಿಸಿದ ಕಚ್ಚಾ ರೂಪ) ಮುಗಿದ ಮೇಲೆ, ಕಥೆ ತಿಳಿಯದ ಒಬ್ಬರಿಗೆ ದೃಶ್ಯವನ್ನು ತೋರಿಸಿ ನಡುವೆ ನಿಲ್ಲಿಸಿ, ಈಗ ಏನಾಗಬಹುದೆಂದು ಭಯವಾಗುತ್ತಿದೆ ಎಂದು ಕೇಳಿ. ಉತ್ತರ ಒಂದು ನಿರ್ದಿಷ್ಟ ಘಟನೆಯಾಗಿದ್ದರೆ ದೃಶ್ಯ ಸರಿಯಾಗಿದೆ. ಏನೋ ಕೆಟ್ಟದ್ದಾಗಬಹುದು ಎಂದಷ್ಟೇ ಹೇಳಿದರೆ, ಅಪಾಯವನ್ನು ತೋರಿಸುವ ಮೊದಲ ಶಾಟನ್ನು ಇನ್ನೂ ಎರಡು ಸೆಕೆಂಡು ಹೆಚ್ಚು ನಿಲ್ಲಿಸಿ ಮತ್ತೊಬ್ಬರಿಗೆ ತೋರಿಸಿ.