ಒದ್ದಾಡುವ ಬರಹಗಾರನ ಮೇಲೆ ಡಾರ್ಕ್ ಕಾಮಿಡಿ: ನಾನು ಸ್ಕ್ರಿಪ್ಟ್ ಕಟ್ಟುವ ಬಗೆ

ಸಾವು, ಮೋಸದಂಥ ಕಹಿ ಸಂಗತಿಗಳಿಂದಲೇ ನಗು ಹುಟ್ಟಿಸುವುದು ಡಾರ್ಕ್ ಕಾಮಿಡಿ. ಅದರಲ್ಲಿ ಸಿನಿಮಾರಂಗದಲ್ಲಿ ಅವಕಾಶಕ್ಕಾಗಿ ಒದ್ದಾಡುವ ಬರಹಗಾರನೇ ನಾಯಕನಾದರೆ ಮೊದಲ ತೊಡಕು ಅವನ ಕಸುಬೇ. ಮೇಜಿನ ಮುಂದೆ ಕೂತು ಕಾಗದ ಹರಿಯುವ ದೃಶ್ಯ ಎರಡನೇ ಸಲ ಬಂದರೆ ಪ್ರೇಕ್ಷಕ ಆಕಳಿಸುತ್ತಾನೆ. ಅದಕ್ಕೇ ಬರವಣಿಗೆಯನ್ನು ನಾನು ವ್ಯವಹಾರವಾಗಿ ತೋರಿಸುತ್ತೇನೆ: ನಿರ್ಮಾಪಕನಿಗೆ ಕಥೆ ಹೇಳುವುದು, ಬಾಕಿ ಸಂಭಾವನೆ ಕೇಳುವುದು, ತಾನು ಬರೆದ ಡೈಲಾಗಿಗೆ ಬೇರೆಯವನು ಚಪ್ಪಾಳೆ ಗಿಟ್ಟಿಸುವುದನ್ನು ನೋಡುತ್ತ ನಿಲ್ಲುವುದು. ಪ್ರತಿ ದೃಶ್ಯದಲ್ಲೂ ಇವನಿಗೆ ಬೇಕಾದದ್ದು ಎದುರಿನವನ ಕೈಯಲ್ಲಿರಬೇಕು.

ಒನ್‌ಲೈನ್, ಅಂದರೆ ಕಥೆಯ ಚುಟುಕು ಎಳೆ ಆದಮೇಲೆ ಸೀನ್ ಆರ್ಡರ್, ಅಂದರೆ ದೃಶ್ಯಗಳ ಕ್ರಮ. ಕೊರಿಯರ್ ಎಂಬ ಫಾಂಟಿನ 12 ಪಾಯಿಂಟ್ ಗಾತ್ರದಲ್ಲಿ ಇಂಗ್ಲಿಷ್ ಸ್ಕ್ರಿಪ್ಟಿನ ಒಂದು ಪುಟಕ್ಕೆ ಸುಮಾರು ಒಂದು ನಿಮಿಷದ ಲೆಕ್ಕ. 100 ನಿಮಿಷದ ಚಿತ್ರಕ್ಕೆ 50–60 ದೃಶ್ಯ ಇಟ್ಟುಕೊಳ್ಳುತ್ತೇನೆ. ಇಲ್ಲಿ ಹೆಚ್ಚು ತಿದ್ದುವುದು ಅವನು ಜಾರುವ ಮೆಟ್ಟಿಲುಗಳನ್ನು. ಸಣ್ಣ ಸುಳ್ಳು, ಕದ್ದ ಕಥೆ, ಮುಚ್ಚಿಟ್ಟ ಸಾವು: ಪ್ರತಿ ಹೆಜ್ಜೆಯೂ ಆ ಗಳಿಗೆಗೆ ಅವನಿಗೆ ಸರಿಯೆನ್ನಿಸಬೇಕು. ಸಹಲೇಖಕ ಸತ್ತು ಬಿದ್ದಿದ್ದಾನೆ, ಇವನು ಪೊಲೀಸರಿಗೆ ಫೋನ್ ಮಾಡದೆ ಸ್ಕ್ರಿಪ್ಟಿನ ಕೊನೆಯ ಪುಟಗಳನ್ನು ತಡಕಾಡುತ್ತಾನೆ ಎನ್ನಿ. ಬೆಳಿಗ್ಗೆ ಹತ್ತಕ್ಕೆ ಕ್ಲೈಮ್ಯಾಕ್ಸ್ ಹೇಳಲೇಬೇಕೆಂಬುದು ಹಿಂದಿನ ದೃಶ್ಯದಲ್ಲೇ ಗೊತ್ತಾಗಿದ್ದರೆ ಜನ ನಗುತ್ತಾರೆ. ಆ ಗಡುವು ತಿಳಿಯದಿದ್ದರೆ ಅವನು ಬರೀ ಕಟುಕನಾಗಿ ಕಾಣುತ್ತಾನೆ.

ಪಾತ್ರಗಳ ಬಾಯಲ್ಲಿ ಜೋಕ್ ಇಡುವುದಿಲ್ಲ. ಅವರಿಗೆ ಇದು ಜೀವನ್ಮರಣದ ವಿಷಯ. ‘ತಮಾಷೆಯಾಗಿ’, ‘ವಿಚಿತ್ರವಾಗಿ’ ಎಂಬ ಸೂಚನೆಗಳನ್ನು ಹುಡುಕಿ ಹೊಡೆದುಹಾಕುತ್ತೇನೆ. ಅವು ಉಳಿದರೆ ನಟರು ಹಾಸ್ಯ ಮಾಡಲು ಹೊರಡುತ್ತಾರೆ.

ನಗು ಎಲ್ಲಿ ಬರುತ್ತದೆಂಬುದು ಕಾಗದದ ಮೇಲೆ ತಿಳಿಯುವುದಿಲ್ಲ. 1950ರ ಹಾಲಿವುಡ್ ಚಿತ್ರ ‘ಸನ್‌ಸೆಟ್ ಬುಲೆವಾರ್ಡ್’ಗೆ ನಿರ್ದೇಶಕ ಬಿಲ್ಲಿ ವೈಲ್ಡರ್ ಶವಾಗಾರದಲ್ಲಿ ಹೆಣಗಳು ಮಾತಾಡುವ ಆರಂಭವನ್ನೇ ಚಿತ್ರೀಕರಿಸಿದ್ದರು. ಪೂರ್ವಪ್ರದರ್ಶನದಲ್ಲಿ ಜನ ಬೇಡದ ಕಡೆ ನಕ್ಕರು, ದೃಶ್ಯ ಕತ್ತರಿಗೆ ಹೋಯಿತು. ಸತ್ತ ಬರಹಗಾರನೇ ಕಥೆ ಹೇಳುವ ಉಪಾಯ ಮಾತ್ರ ಉಳಿಯಿತು.

ಹಾಗಾಗಿ ಎರಡನೇ ಡ್ರಾಫ್ಟನ್ನು ಆರೇಳು ಜನರ ಕೈಲಿ ಗಟ್ಟಿಯಾಗಿ ಓದಿಸುತ್ತೇನೆ. ನಾನು ಓದುವುದಿಲ್ಲ, ಕತೆ ವಿವರಿಸುವುದೂ ಇಲ್ಲ. ನನ್ನ ಪ್ರತಿಯ ಅಂಚಿನಲ್ಲಿ ಮೂರೇ ಗುರುತು: ನಗು, ಮೌನ, ಮಿಸುಕಾಟ. ಸಾವಿನ ಸುದ್ದಿ ಕಿವಿಗೆ ಬೀಳಬೇಕಾದ ಸಾಲಿನ ಮೇಲೆ ನಗು ಬಂದರೆ ಹಿಂದಿನ ನಗೆಸಾಲನ್ನು ಅರ್ಧ ಪುಟ ಮೇಲಕ್ಕೆ ಸರಿಸಬೇಕು. ಮೌನ ಎರಡು ಪುಟ ದಾಟಿದರೆ ಸಾಮಾನ್ಯವಾಗಿ ಅಲ್ಲಿ ಅವನ ಬೇಡಿಕೆ ಮಸುಕಾಗಿರುತ್ತದೆ. ನಗೆಸಾಲು ತುರುಕುವ ಬದಲು ಅವನು ಏನನ್ನು ಕೇಳಲು ಬಂದಿದ್ದಾನೆಂಬುದನ್ನೇ ಮತ್ತೆ ಬರೆಯುತ್ತೇನೆ.